ಗುಳೇದಗುಡ್ಡದ ಪಿಗ್ಮಿ ಆಪ್: ಹಳೆ ಫೋನು, ಹೊಸ ಫೋನು ಮತ್ತು ಒಂದು ಮಾರ್ಚ್ ತಿಂಗಳು

2024ರ ಮಾರ್ಚ್ 19, ಮಂಗಳವಾರ. ಸಂಜೆ ಆರೂವರೆ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಸಣ್ಣ ಆಫೀಸು. ನಾನು, ನನ್ನ ಗೆಳೆಯ, ಇಬ್ಬರೇ. ಬಾಗಿಲು ಹಾಕಿ ಹೊರಡೋಣ ಅನ್ನುವಷ್ಟರಲ್ಲಿ ಗುಳೇದಗುಡ್ಡದಿಂದ ಫೋನು ಬಂತು. "ಸರ, ಆಪ್ ನಡೀವಲ್ದರಿ. ಬರೇ ಗಿರ್‌ಗಿರ್ ತಿರಗಾಕತ್ತೈತಿ." ಅಲ್ಲಿನ ಒಂದು ಪತ್ತಿನ ಸಹಕಾರಿ ಸಂಘದ ಪಿಗ್ಮಿ ಏಜೆಂಟ್ ಅವರು. ಅರವತ್ತರ ಹತ್ತಿರದ ವಯಸ್ಸು. ನಾವು ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ಅವರ ಕೈಯಲ್ಲಿದ್ದದ್ದು ಆಂಡ್ರಾಯ್ಡ್ 6 ಇರುವ ಫೋನು.

ಹತ್ತು ನಿಮಿಷದಲ್ಲಿ ಇನ್ನೂ ಮೂವರು ಏಜೆಂಟರು ಫೋನು ಮಾಡಿದರು. ಉಳಿದವರಿಗೆ ಏನೂ ತೊಂದರೆ ಇರಲಿಲ್ಲ. ನಾವು ಆ ದಿನ, ಆ ವಾರ, ಅಷ್ಟೇ ಯಾಕೆ, ಆ ವರ್ಷ ಆಪಿನ ಒಂದು ಸಾಲು ಕೋಡನ್ನೂ ಮುಟ್ಟಿರಲಿಲ್ಲ.

ಪಿಗ್ಮಿ ಅಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದ ಉಳಿತಾಯ ಪದ್ಧತಿ. ಇವತ್ತು ಉತ್ತರ ಕರ್ನಾಟಕದ ಸಣ್ಣ ಸಣ್ಣ ಸಂಘಗಳಲ್ಲೂ ಇದೆ. ಏಜೆಂಟರು ದಿನಾ ಅಂಗಡಿ ಅಂಗಡಿಗೆ ಹೋಗುತ್ತಾರೆ. ಖಣದ ಅಂಗಡಿ, ಚಹಾದ ಅಂಗಡಿ, ಖಾನಾವಳಿ, ಹೂ ಮಾರುವವರು, ಎಲ್ಲರೂ ಇಪ್ಪತ್ತೋ ಐವತ್ತೋ ಕೊಡುತ್ತಾರೆ. ನಮ್ಮ ಆಪ್‌ನಲ್ಲಿ ಗ್ರಾಹಕರ ಹೆಸರು ಒತ್ತಿ ಮೊತ್ತ ಹಾಕಿದರೆ, ಸೊಂಟಕ್ಕೆ ಕಟ್ಟಿಕೊಂಡ ಬ್ಲೂಟೂತ್ ಪ್ರಿಂಟರಿನಿಂದ ರಸೀದಿ ಬರುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಲೆಕ್ಕ ಫೋನಿನಲ್ಲೇ ಉಳಿದು, ಆಮೇಲೆ ಸರ್ವರಿಗೆ ಹೋಗುತ್ತದೆ. ಏಜೆಂಟರು 26 ಮಂದಿ. ಆಪ್ ಬಿಟ್ಟದ್ದು 2021ರ ಅಕ್ಟೋಬರಿನಲ್ಲಿ, ಕೊನೆಯ ಅಪ್‌ಡೇಟ್ 2022ರ ಬೇಸಿಗೆಯಲ್ಲಿ. ಸರಿಯಾಗಿ ನಡೆಯುತ್ತಿದೆ, ಯಾಕೆ ಮುಟ್ಟಬೇಕು ಅಂತ ಸುಮ್ನೆ ಬಿಟ್ಟಿದ್ದೆವು. ಈ ಕಥೆಯ ಎಲ್ಲ ತೊಂದರೆಯೂ ಹುಟ್ಟಿದ್ದು ಆ "ಸುಮ್ನೆ"ಯಲ್ಲಿ.

ಜನವರಿಯಲ್ಲೇ ಒಂದು ಸುಳಿವು ಸಿಕ್ಕಿತ್ತು. ಹೊಸದಾಗಿ ಸೇರಿದ ಹುಡುಗನೊಬ್ಬ ಆಂಡ್ರಾಯ್ಡ್ 13ರ ಹೊಸ ಫೋನು ತಂದಿದ್ದ. ಎಷ್ಟು ಹುಡುಕಿದರೂ ಪ್ಲೇ ಸ್ಟೋರಿನಲ್ಲಿ ನಮ್ಮ ಆಪ್ ಕಾಣಿಸಲಿಲ್ಲ. ಆಮೇಲೆ ನೋಡೋಣ ಅಂತ ನಾನು ಮುಂದಕ್ಕೆ ಹಾಕಿದೆ. ಸಂಘದವರು ಅವನಿಗೆ ಆಫೀಸಿನಲ್ಲಿದ್ದ ಹಳೆ ಫೋನು ಕೊಟ್ಟು ಕೆಲಸಕ್ಕೆ ಕಳಿಸಿದರು. ಅದರಲ್ಲಿ ಇದ್ದದ್ದು ಆಂಡ್ರಾಯ್ಡ್ 7.0. ಮಾರ್ಚ್ 19ಕ್ಕೆ ನಿಂತ ನಾಲ್ಕು ಫೋನುಗಳಲ್ಲಿ ಅದೂ ಒಂದು. ಜನವರಿಯಲ್ಲೇ ಕುಳಿತು ಕಾರಣ ಹುಡುಕಿದ್ದರೆ ಮಾರ್ಚ್‌ನಲ್ಲಿ ಆ ಹುಡುಗನ ಸಂಜೆ ಹಾಳಾಗುತ್ತಿರಲಿಲ್ಲ.

ಆ ರಾತ್ರಿ

ಮೊದಲು ಮಾಡಿದ ಕೆಲಸ, ನಾಲ್ವರಿಗೂ ಫೋನು ಹಚ್ಚಿ "ಆಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ" ಅಂತ ಹೇಳಿದ್ದು. ಸರ್ವರಿಗೆ ಹೋಗದ ಆ ದಿನದ ಲೆಕ್ಕವೆಲ್ಲ ಫೋನಿನ ಒಳಗೇ ಇತ್ತು. ಆಪ್ ತೆಗೆದರೆ ಅದೂ ಹೋಗುತ್ತದೆ. ಮೂವರಿಗೆ ಹೇಳಲು ಸಮಯ ಸಿಕ್ಕಿತು. ನಾಲ್ಕನೆಯವರು ಅಷ್ಟರಲ್ಲೇ ಮೊಬೈಲ್ ಅಂಗಡಿಗೆ ಹೋಗಿ, ಅಲ್ಲಿನವರ ಮಾತು ಕೇಳಿ ಆಪ್ ತೆಗೆದು ಮತ್ತೆ ಹಾಕಿಸಿಕೊಂಡಿದ್ದರು. ಪುಣ್ಯಕ್ಕೆ ಅವರಿಗೆ ಜೇಬಿನ ಸಣ್ಣ ಡೈರಿಯಲ್ಲಿ ಬರೆದಿಟ್ಟುಕೊಳ್ಳುವ ರೂಢಿ ಇತ್ತು. ಮಾರನೇ ದಿನ ಅದನ್ನು ನೋಡಿ 41 ಜನರ ಲೆಕ್ಕ ಒಂದೊಂದಾಗಿ ಮತ್ತೆ ಹಾಕಿದೆವು.

ನಮ್ಮ ಹತ್ತಿರ ಆಂಡ್ರಾಯ್ಡ್ 6ರ ಒಂದು ಹಳೆ ಫೋನು ಇತ್ತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಲಾಗ್, ಅಂದರೆ ಒಳಗೆ ಏನಾಯಿತು ಅಂತ ಫೋನು ಬರೆದಿಡುವ ದಾಖಲೆ, ನೋಡಿದೆವು. "ಟ್ರಸ್ಟ್ ಆ್ಯಂಕರ್ ಫಾರ್ ಸರ್ಟಿಫಿಕೇಶನ್ ಪಾತ್ ನಾಟ್ ಫೌಂಡ್" ಅಂತ ಕೆಂಪು ಅಕ್ಷರದಲ್ಲಿ ಬಂದಿತ್ತು. ಅದೇ ಫೋನಿನ ಫೈರ್‌ಫಾಕ್ಸ್‌ನಲ್ಲಿ ನಮ್ಮ ಸರ್ವರಿನ ವಿಳಾಸ ಹಾಕಿದರೆ ಪುಟ ತೆರೆಯಿತು. ಆಪ್‌ನಲ್ಲಿ ಮಾತ್ರ ಇಲ್ಲ. ಅಲ್ಲಿಗೆ ವಿಷಯ ತಿಳಿಯಿತು.

ಫೋನು ಒಂದು ಸರ್ವರನ್ನು ನಂಬಬೇಕಾದರೆ ಅದರ ಸರ್ಟಿಫಿಕೇಟಿಗೆ, ಅಂದರೆ ಗುರುತಿನ ಪತ್ರಕ್ಕೆ, ಯಾರು ಸಹಿ ಹಾಕಿದ್ದಾರೆ ಅಂತ ನೋಡುತ್ತದೆ. ಆ ಸಹಿಯ ಹಿಂದೆ ಇನ್ನೊಂದು ಸಹಿ, ಹೀಗೆ ಒಂದು ಸರಪಳಿ. ಕೊನೆಯಲ್ಲಿ ಇರುವ ಮೂಲ ಸರ್ಟಿಫಿಕೇಟ್ ಫೋನಿನ ಪಟ್ಟಿಯಲ್ಲಿ ಇರಲೇಬೇಕು. ಈ ಪಟ್ಟಿ ಆಂಡ್ರಾಯ್ಡ್ ಜೊತೆಗೇ ಬರುತ್ತದೆ. ಆಂಡ್ರಾಯ್ಡ್ 14ರಿಂದ ಅದನ್ನು ಪ್ಲೇ ಮೂಲಕ ಹೊಸದು ಮಾಡುವ ವ್ಯವಸ್ಥೆ ಬಂದಿದೆ. ಅದಕ್ಕಿಂತ ಹಳೆಯ ಫೋನಿಗೆ ಕಂಪನಿಯಿಂದ ಅಪ್‌ಡೇಟ್ ನಿಂತಿತು ಅಂದರೆ ಪಟ್ಟಿಯೂ ಅಲ್ಲಿಗೇ ನಿಂತಿತು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಅದರಲ್ಲಿ ಪುಟ ಬಂತು.

ನಮ್ಮ ಸರ್ವರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಉಚಿತ ಸರ್ಟಿಫಿಕೇಟ್ ಇತ್ತು. ಅವರ ಸ್ವಂತ ಮೂಲ ಸರ್ಟಿಫಿಕೇಟಿನ ಹೆಸರು ಐಎಸ್‌ಆರ್‌ಜಿ ರೂಟ್ ಎಕ್ಸ್1. ಆಂಡ್ರಾಯ್ಡ್ ಪಟ್ಟಿಗೆ ಇದು ಸೇರಿದ್ದು 7.1.1ರಲ್ಲಿ. ಅದಕ್ಕಿಂತ ಹಳೆಯ ಫೋನುಗಳಿಗಾಗಿ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಹಳೆ ಮೂಲದಿಂದ ಇನ್ನೊಂದು ಸಹಿ ಹಾಕಿಸಿ ಸರಪಳಿಗೆ ಸೇರಿಸಿದ್ದರು. ಆ ಹಳೆ ಮೂಲದ ಅವಧಿ 2021ರ ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು. ಆದರೆ ಆಂಡ್ರಾಯ್ಡ್ ತನ್ನ ಪಟ್ಟಿಯಲ್ಲಿರುವ ಮೂಲದ ಅವಧಿಯನ್ನು ಪರೀಕ್ಷಿಸುವುದಿಲ್ಲ. ಹೀಗಾಗಿ ಹಳೆ ಫೋನುಗಳು ಇನ್ನೂ ಮೂರು ವರ್ಷ ನಡೆಯಲಿ ಅಂತ ಏರ್ಪಾಡು ಮಾಡಿದ್ದರು. 2024ರ ಫೆಬ್ರುವರಿ 8ರಿಂದ ಕೊಡುವ ಸರ್ಟಿಫಿಕೇಟುಗಳ ಜೊತೆ ಆ ಹಳೆ ಕೊಂಡಿ ತಾನಾಗಿ ಬರುವುದಿಲ್ಲ, ಜೂನ್ 6ರ ನಂತರ ಕೇಳಿದರೂ ಸಿಗುವುದಿಲ್ಲ ಅಂತ ಎಷ್ಟೋ ತಿಂಗಳ ಮೊದಲೇ ತಿಳಿಸಿದ್ದರು. ನಾವು ಓದಿರಲಿಲ್ಲ. ನಮ್ಮ ಸರ್ವರ್ 60 ದಿನಕ್ಕೊಮ್ಮೆ ಸರ್ಟಿಫಿಕೇಟನ್ನು ತಾನೇ ನವೀಕರಿಸುತ್ತದೆ. ಹಿಂದಿನದು ಜನವರಿ 19ಕ್ಕೆ ಆಗಿತ್ತು, ಇದು ಮಾರ್ಚ್ 19ಕ್ಕೆ. ಕೊಂಡಿ ಕಳಚಿದ್ದು ಹಾಗೆ.

ಜೂನ್ ಇನ್ನೂ ದೂರ ಇತ್ತಲ್ವಾ. ಹಳೆ ಸರಪಳಿಯೇ ಬೇಕು ಅಂತ ಕೇಳಿ ಸರ್ಟಿಫಿಕೇಟನ್ನು ಮತ್ತೆ ತರಿಸಿದೆವು. ರಾತ್ರಿ ಹತ್ತೂವರೆಗೆ ಕಾಕಾ ಫೋನು ಮಾಡಿ, "ಎಲ್ಲಾ ಹೋತ್ರಿ ಮ್ಯಾಲ" ಅಂದರು. ಅವರ ದಿನದ ಲೆಕ್ಕ ಸರ್ವರಿಗೆ ಬಂದಿತ್ತು.

ಆ ರಾತ್ರಿ ಗೆಳೆಯ ಇನ್ನೊಂದು ದಾರಿಯನ್ನೂ ಸೂಚಿಸಿದ್ದ. ಆಪನ್ನು ಸರಿಮಾಡಿ, ಅದನ್ನು ನೇರವಾಗಿ ಹಾಕಿಕೊಳ್ಳುವ ಎಪಿಕೆ ಫೈಲನ್ನು ವಾಟ್ಸಾಪಿನಲ್ಲೇ ಏಜೆಂಟರಿಗೆ ಕಳಿಸೋಣ ಅಂತ. ಪ್ಲೇ ಸ್ಟೋರಿನ ನಿಯಮದ ಗೊಡವೆಯೇ ಇಲ್ಲ. ನಾನು ಒಪ್ಪಲಿಲ್ಲ. ನಮ್ಮ ಆಪಿಗೆ ಸಹಿ ಹಾಕುವ ಕೀಲಿ ಇರುವುದು ಪ್ಲೇ ಬಳಿ. ನಾವು ಬೇರೆ ಕೀಲಿಯಿಂದ ಸಹಿ ಹಾಕಿ ಕಳಿಸಿದರೆ ಅದು ಹಳೆಯದರ ಮೇಲೆ ಕೂರುವುದಿಲ್ಲ, ಹಳೆಯದನ್ನು ತೆಗೆಯಲೇಬೇಕು. ತೆಗೆದರೆ ಲೆಕ್ಕ ಹೋಯಿತು. ಆದರೆ ನನಗೆ ಇನ್ನೂ ದೊಡ್ಡದಾಗಿ ಕಂಡದ್ದು ಬೇರೆ. ಇವರೆಲ್ಲ ಜನರ ದುಡ್ಡು ಮುಟ್ಟುವವರು. ವಾಟ್ಸಾಪಿನಲ್ಲಿ ಬಂದ ಎಪಿಕೆ ಹಾಕಿಕೊಳ್ಳಬಹುದು ಅಂತ ನಾವೇ ಒಮ್ಮೆ ರೂಢಿ ಮಾಡಿಸಿದರೆ, ನಾಳೆ ಯಾರೋ ಕಳ್ಳರು ಕಳಿಸಿದ್ದನ್ನೂ ಹಾಕಿಕೊಳ್ಳುತ್ತಾರೆ. ಹಾಗೆ ಮೋಸ ಹೋದವರ ಸುದ್ದಿ ದಿನಾ ಓದುತ್ತೇವೆ.

ಎರಡು ತುದಿ, ಒಂದೇ ಗಂಟು

ಮಾರ್ಚ್ 31ರವರೆಗೆ ಆಪ್ ಮುಟ್ಟಬಾರದು ಅಂತ ನಿರ್ಧರಿಸಿದೆವು. ಸಂಘದವರು ವರ್ಷದ ಲೆಕ್ಕ ಮುಗಿಸುವ ವಾರದಲ್ಲಿ ಹೊಸದೇನನ್ನೂ ಹಾಕುವುದು ಸರಿಯಲ್ಲ. ಏಪ್ರಿಲ್ ಮೊದಲ ವಾರ ಕುಳಿತು ನೋಡಿದಾಗ ಪೂರ್ತಿ ಗಂಟು ಕಂಡಿತು.

ಆಂಡ್ರಾಯ್ಡ್ ಆಪಿನಲ್ಲಿ ಎರಡು ಅಂಕೆಗಳಿವೆ. ಮಿನ್ ಎಸ್‌ಡಿಕೆ ಅಂದರೆ ಎಷ್ಟು ಹಳೆಯ ಫೋನಿನವರೆಗೆ ಆಪ್ ನಡೆಯುತ್ತದೆ ಅನ್ನುವುದು. ಟಾರ್ಗೆಟ್ ಎಸ್‌ಡಿಕೆ ಅಂದರೆ ಯಾವ ಆಂಡ್ರಾಯ್ಡಿನ ನಿಯಮಕ್ಕೆ ಹೊಂದಿಸಿ ಆಪ್ ಬರೆದಿದ್ದೇವೆ ಅನ್ನುವುದು. ಹೊಸ ಫೋನು ಈ ಎರಡನೆಯ ಅಂಕೆ ನೋಡಿ ಆಪನ್ನು ಹಳೆ ರೀತಿಯಲ್ಲಿ ನಡೆಸಬೇಕೋ ಹೊಸ ರೀತಿಯಲ್ಲಿ ನಡೆಸಬೇಕೋ ತೀರ್ಮಾನಿಸುತ್ತದೆ. ಆಗ ನಮ್ಮ ಮಿನ್ 21, ಅಂದರೆ ಆಂಡ್ರಾಯ್ಡ್ 5. ಟಾರ್ಗೆಟ್ 30, ಅಂದರೆ ಆಂಡ್ರಾಯ್ಡ್ 11. ಟಾರ್ಗೆಟ್ ಏರಿಸಿದರೆ ಹಳೆ ಫೋನುಗಳು ತಪ್ಪಿಹೋಗುತ್ತವೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಎರಡೂ ಬೇರೆ ಬೇರೆ. ಟಾರ್ಗೆಟ್ 34 ಇದ್ದು ಮಿನ್ 21 ಇರುವ ಆಪ್ ಧಾರಾಳವಾಗಿ ಮಾಡಬಹುದು. ಕೆಲಸ ಮಾತ್ರ ಜಾಸ್ತಿ.

ಗಂಟು ಇದು. ಹಳೆ ಫೋನು ಉಳಿಯಬೇಕಾದರೆ ಹೊಸ ಮೂಲ ಸರ್ಟಿಫಿಕೇಟನ್ನು ಆಪಿನ ಒಳಗೇ ಇಟ್ಟು ಕಳಿಸಬೇಕು, ಅದಕ್ಕೆ ಅಪ್‌ಡೇಟ್ ಬೇಕು. ಅಪ್‌ಡೇಟ್ ಹಾಕಬೇಕಾದರೆ ಟಾರ್ಗೆಟ್ 33, ಅಂದರೆ ಆಂಡ್ರಾಯ್ಡ್ 13 ಆದರೂ ಇರಬೇಕು ಅಂತ 2023ರ ಆಗಸ್ಟ್ 31ರಿಂದ ಪ್ಲೇ ನಿಯಮ ಇತ್ತು. ಅದೇ ದಿನಾಂಕದ ಇನ್ನೊಂದು ನಿಯಮದ ಪ್ರಕಾರ, ಟಾರ್ಗೆಟ್ 30ರಲ್ಲೇ ಉಳಿದ ಆಪ್ ಅದಕ್ಕಿಂತ ಹೊಸ ಆಂಡ್ರಾಯ್ಡ್ ಇರುವ ಹೊಸ ಬಳಕೆದಾರರಿಗೆ ಕಾಣಿಸುವುದಿಲ್ಲ. ಜನವರಿಯಲ್ಲಿ ಆ ಹುಡುಗನಿಗೆ ಆಪ್ ಸಿಗದೇ ಇದ್ದದ್ದು ಇದಕ್ಕೇ. ಆಂಡ್ರಾಯ್ಡ್ 6ರ ಕಾಕಾನ ಫೋನು ಸರಿಮಾಡಬೇಕಾದರೆ ಮೊದಲು ಆಂಡ್ರಾಯ್ಡ್ 12, 13ರ ನಿಯಮ ಪಾಲಿಸಬೇಕು. 2024ರ ಆಗಸ್ಟ್ 31ರಿಂದ ಅಪ್‌ಡೇಟಿಗೆ 34, ಅಂದರೆ ಆಂಡ್ರಾಯ್ಡ್ 14, ಬೇಕಾಗುತ್ತದೆ ಅಂತ ಗೊತ್ತಿತ್ತು. ಎರಡೆರಡು ಸಲ ಯಾಕೆ ಅಂತ ನೇರವಾಗಿ 34ಕ್ಕೇ ಹೋದೆವು.

ಸರ್ಟಿಫಿಕೇಟಿನ ಕೆಲಸ ಸಣ್ಣದು. ಸರ್ವರಿನ ಜೊತೆ ಮಾತಾಡಲು ನಾವು ಬಳಸುವ ಓಕೆ-ಎಚ್‌ಟಿಟಿಪಿಯಲ್ಲಿ ಫೋನಿನ ಪಟ್ಟಿಯ ಜೊತೆಗೆ ನಮ್ಮದೊಂದನ್ನು ಸೇರಿಸುವ ಅನುಕೂಲ ಇದೆ. ಎಪಿಐ 25 (ಆಂಡ್ರಾಯ್ಡ್ 7.1) ಮತ್ತು ಅದಕ್ಕಿಂತ ಹಳೆಯದಾದರೆ ಮಾತ್ರ ಸೇರಿಸು ಅಂತ ಬರೆದೆವು. ಪರೀಕ್ಷೆಗೆಂದು ಬೇರೊಂದು ಉಪವಿಳಾಸ ಮಾಡಿ, ಅದಕ್ಕೆ ಹಳೆ ಕೊಂಡಿ ಇಲ್ಲದ ಸರ್ಟಿಫಿಕೇಟನ್ನೇ ಹಾಕಿದೆವು. ಅಲ್ಲೊಂದು ವಿಷಯ ಹೊರಬಂತು. ಲೆಕ್ಕ ಹೋಯಿತು, ಆದರೆ ತಿಂಗಳ ವರದಿಯ ಪುಟ ಖಾಲಿ. ಆ ಪುಟವನ್ನು ಆಪಿನೊಳಗೇ ವೆಬ್ ಪುಟ ತೋರಿಸುವ ವೆಬ್‌ವ್ಯೂ ಒಳಗೆ ತೋರಿಸುತ್ತಿದ್ದೆವು, ಅದು ಫೋನಿನ ಪಟ್ಟಿಯನ್ನೇ ನಂಬುತ್ತದೆ. ವರದಿಯನ್ನು ಆಪಿನಲ್ಲೇ ಮತ್ತೆ ಬರೆಯಬೇಕಾಯಿತು. ಬೇರೆ ಉಪವಿಳಾಸ ಮಾಡಿ ನೋಡದಿದ್ದರೆ ಇದು ಏಜೆಂಟರ ಕೈಯಲ್ಲೇ ಗೊತ್ತಾಗುತ್ತಿತ್ತು.

ಬ್ಲೂಟೂತ್ ಹೆಚ್ಚು ದಿನ ತಿಂದಿತು. ಆಂಡ್ರಾಯ್ಡ್ 11ರವರೆಗೆ ಬ್ಲೂಟೂತ್ ಅನುಮತಿ ಆಪ್ ಹಾಕಿಕೊಳ್ಳುವಾಗಲೇ ಸಿಗುತ್ತಿತ್ತು. ಆದರೆ ಸುತ್ತಮುತ್ತ ಯಾವ ಪ್ರಿಂಟರ್ ಇದೆ ಅಂತ ಹುಡುಕಬೇಕಾದರೆ 6ರಿಂದ ಈಚೆಗೆ ಲೊಕೇಶನ್ ಅನುಮತಿ ಬೇಕಿತ್ತು. 12ರಲ್ಲಿ ಇದು ಬದಲಾಯಿತು. ಟಾರ್ಗೆಟ್ 31 ಅಥವಾ ಅದಕ್ಕಿಂತ ಹೆಚ್ಚಾದರೆ ಹುಡುಕಲು ಒಂದು, ಜೋಡಿಸಿಕೊಳ್ಳಲು ಒಂದು, ಹೊಸ ಅನುಮತಿಗಳನ್ನು ಬಳಸುವವರನ್ನೇ ಕೇಳಬೇಕು. ಕೇಳದೆ ಪ್ರಿಂಟರ್ ಮುಟ್ಟಿದರೆ ಆಪ್ ಅಲ್ಲೇ ಬೀಳುತ್ತದೆ. ನಮ್ಮ ಮೊದಲ ಪರೀಕ್ಷೆಯಲ್ಲಿ ಹಾಗೇ ಆಯಿತು.

ಹಳೆಯದಕ್ಕೆ ಹಳೆ ಅನುಮತಿ, ಹೊಸದಕ್ಕೆ ಹೊಸ ಅನುಮತಿ ಅಂತ ಬರೆದು ಮುಗಿಸಬಹುದಿತ್ತು. ಆದರೆ ಏಜೆಂಟರ ಒಂದು ಹಳೆಯ ಮಾತು ನನಗೆ ನೆನಪಿತ್ತು. 2021ರಲ್ಲಿ ಆಪ್ ಹಾಕಿಕೊಡುವಾಗ ಲೊಕೇಶನ್ ಕೇಳಿದ್ದನ್ನು ನೋಡಿ ಒಬ್ಬರು, "ನಾವು ಎಲ್ಲಿ ಅಡ್ಡಾಡತೀವಿ ಅಂತ ನೋಡಾಕೇನ್ರಿ ಇದು?" ಅಂತ ಕೇಳಿದ್ದರು. ಅಲ್ಲ ಅಂತ ಎಷ್ಟು ಹೇಳಿದರೂ ಅವರ ಮುಖದಲ್ಲಿ ಸಂಶಯ ಉಳಿದಿತ್ತು. ಅವರ ಸಂಶಯ ಸರಿಯೇ. ಪ್ರಿಂಟರಿಗೆ ಊರಿನ ನಕ್ಷೆ ಯಾಕೆ ಬೇಕು? ಈ ಸಲ ಹುಡುಕುವ ಕೆಲಸವನ್ನೇ ಆಪಿನಿಂದ ತೆಗೆದುಬಿಟ್ಟೆವು. ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಪ್ರಿಂಟರನ್ನು ಒಮ್ಮೆ ಜೋಡಿಸಿದರೆ ಸಾಕು, ಆಪ್ ಜೋಡಿಸಿದ್ದನ್ನು ಮಾತ್ರ ಬಳಸುತ್ತದೆ. ಹಾಗೆ ಮಾಡಿದ್ದರಿಂದ ಹೊಸ ಫೋನಿನಲ್ಲಿ ಒಂದೇ ಅನುಮತಿ ಕೇಳಿದರೆ ಆಯಿತು. ಹಳೆ ಫೋನಿನಲ್ಲಿ ಲೊಕೇಶನ್ ಕೇಳುವುದೂ ನಿಂತಿತು. ಹೊಸ ನಿಯಮ ಬರದಿದ್ದರೆ ಹಳೆಯವರಿಗೆ ಈ ಅನುಕೂಲ ಮಾಡಿಕೊಡುವ ಯೋಚನೆ ನಮಗೆ ಬರುತ್ತಿರಲಿಲ್ಲ.

ಇನ್ನು ರಸೀದಿ. ಎರಡಿಂಚಿನ ಆ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಹಾಗಾಗಿ ಪ್ರತಿ ಸಾಲನ್ನೂ ಫೋನಿನಲ್ಲೇ ಚಿತ್ರವಾಗಿ ಬರೆದು, 384 ಚುಕ್ಕಿ ಅಗಲದಲ್ಲಿ ಕಳಿಸುತ್ತೇವೆ. ಹೂ ಮಾರುವ ಒಬ್ಬ ಅವ್ವ ಮೊದಲಿನಿಂದಲೂ ಒಂದು ತಕರಾರು ಹೇಳುತ್ತಿದ್ದರಂತೆ, "ನನ್ನ ಹೆಸರು ಅರ್ಧಾನ ಬರತೈತಿ" ಅಂತ. ಈ ಸಲ ಕಾಕಾ ಆ ರಸೀದಿ ತಂದು ನನ್ನ ಕೈಗೆ ಕೊಟ್ಟರು. ಮಲ್ಲವ್ವ ಅಂತ ಇರಬೇಕಾದಲ್ಲಿ ಲ ಮತ್ತು ವ ಒತ್ತುಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ದೂರದಿಂದ ನೋಡಿದರೆ ಮಲವ ಅಂತಲೇ ಓದಬೇಕು. ಹೊಸ ಫೋನುಗಳಲ್ಲೂ ಇದು ಸ್ವಲ್ಪ ಇತ್ತು, ಆದರೆ ಯಾರೂ ಹೇಳಿರಲಿಲ್ಲ.

ಕಾರಣ ಹುಡುಕಿದೆ. ಸಾಲಿನ ಎತ್ತರವನ್ನು ಫೋನು ಮುಖ್ಯ ಫಾಂಟಿನಿಂದ ಲೆಕ್ಕ ಹಾಕುತ್ತದೆ, ಅದು ಇಂಗ್ಲಿಷ್ ಅಕ್ಷರದ್ದು. ಕನ್ನಡಕ್ಕೆ ಬದಲಿ ಫಾಂಟ್ ತರುತ್ತದೆ, ಎತ್ತರ ಮಾತ್ರ ಹಳೆಯದೇ. ಇಂಗ್ಲಿಷಿಗೆ ಅಷ್ಟು ಜಾಗ ಸಾಕು, ನಮ್ಮ ಒತ್ತಕ್ಷರಕ್ಕೆ ಸಾಲದು. ಬದಲಿ ಫಾಂಟಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೋ ಅಂತ ಹೇಳುವ ಅನುಕೂಲ ಆಂಡ್ರಾಯ್ಡ್ 9ರಲ್ಲಿ ಬಂತು. ಅದನ್ನು ಬಳಸಿದರೆ ಹಳೆ ಫೋನುಗಳು ಹೊರಗುಳಿಯುತ್ತವೆ. ಅದಕ್ಕೆ ಒಂದು ಕನ್ನಡ ಫಾಂಟನ್ನೇ ಆಪಿನ ಒಳಗೆ ಇಟ್ಟು, ರಸೀದಿಗೆ ಅದೇ ಮುಖ್ಯ ಫಾಂಟ್ ಅಂತ ಮಾಡಿದೆವು. 5ರಿಂದ 14ರವರೆಗೆ ಎಲ್ಲ ಫೋನಿನಲ್ಲೂ ಒತ್ತು ಪೂರ್ತಿ ಬಂತು. ಸಾಲು ಜೋಡಿಸುವ ಹೊಸ ವಿಧಾನ ಎಪಿಐ 23ರಿಂದ (ಆಂಡ್ರಾಯ್ಡ್ 6ರಿಂದ) ಮಾತ್ರ ಇದೆ. ಏಜೆಂಟರ ಬಳಿ ಇದ್ದ ಆಂಡ್ರಾಯ್ಡ್ 5.1ರ ಒಂದೇ ಒಂದು ಫೋನಿಗಾಗಿ ಹಳೆ ವಿಧಾನವನ್ನೂ ಪಕ್ಕದಲ್ಲಿ ಇಟ್ಟುಕೊಂಡೆವು. ಒಂದು ಫೋನಿಗೆ ಆರು ಸಾಲು ಕೋಡು ದೊಡ್ಡ ಭಾರವಲ್ಲ.

ಉಳಿದದ್ದು ಬೇಗ ಮುಗಿಯಿತು. 13ಕ್ಕೆ ನೋಟಿಫಿಕೇಶನ್ ಅನುಮತಿ, ಆಪಿನ ವಿವರದ ಫೈಲಾದ ಮ್ಯಾನಿಫೆಸ್ಟಿನಲ್ಲಿ ಎಕ್ಸ್‌ಪೋರ್ಟೆಡ್ ಅಂತ ಸ್ಪಷ್ಟವಾಗಿ ಬರೆಯುವುದು, ಇಂಥವು. ಗೆಳೆಯ ದಿನಾಂಕಕ್ಕೆ ಜಾವಾ ಟೈಮ್ ಎಂಬ ಸೌಲಭ್ಯ ಬಳಸಿದ್ದ. ಅದು ಫೋನಿನಲ್ಲಿ ಇರುವುದು ಆಂಡ್ರಾಯ್ಡ್ 8ರಿಂದ. ನಾವು ಕೋಡು ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಕೆಂಪು ಗೆರೆ ಎಳೆದು ಎಚ್ಚರಿಸಿತು, ಹೊಸ ಸೌಲಭ್ಯವನ್ನು ಹಳೆ ಫೋನಿಗೂ ಒಗ್ಗಿಸುವ ಡಿಶುಗರಿಂಗ್ ಆನ್ ಮಾಡಿದ ಮೇಲೆ ಹಳೆಯದರಲ್ಲೂ ನಡೆಯಿತು. ಆ ಗೆರೆಗಳನ್ನು ಎಂದೂ ಮುಚ್ಚಿಹಾಕಬೇಡಿ. ಹಳೆ ಫೋನು ಕೈಯಲ್ಲಿ ಇಲ್ಲದವರಿಗೆ ಅದೇ ಕಣ್ಣು.

ಎಲ್ಲಿಯವರೆಗೆ?

ಈ ಕೆಲಸದ ನಡುವೆ ನಮ್ಮಿಬ್ಬರಲ್ಲಿ ಜಗಳ ಅನ್ನುವಷ್ಟು ವಾದ ಆಯಿತು. ಗೆಳೆಯನ ಮಾತು: ಮಿನ್ 26, ಅಂದರೆ ಆಂಡ್ರಾಯ್ಡ್ 8, ಮಾಡಿಬಿಡೋಣ. ಆಂಡ್ರಾಯ್ಡ್ 5, 6ಕ್ಕೆ ಭದ್ರತೆಯ ಅಪ್‌ಡೇಟ್ ನಿಂತು ವರ್ಷಗಳಾದವು. ಜನರ ದುಡ್ಡಿನ ಲೆಕ್ಕ ಅಂಥ ಫೋನಿನಲ್ಲಿ ಇಡುವುದೇ ತಪ್ಪು. ಇದು ಸರಿಯಾದ ಮಾತು, ನಾನು ತಳ್ಳಿಹಾಕಲಿಲ್ಲ. ಆದರೆ ಮಿನ್ ಏರಿಸಿದರೆ ಹಳೆ ಫೋನಿನಿಂದ ಆಪ್ ಹೋಗುವುದಿಲ್ಲ. ಅಪ್‌ಡೇಟ್ ಬರುವುದು ಮಾತ್ರ ನಿಲ್ಲುತ್ತದೆ, ಅದೂ ಯಾರಿಗೂ ಹೇಳದೆ. ಕಾಕಾ ಎಂದಿನಂತೆ ಹಳೆ ಆಪ್ ಬಳಸುತ್ತಲೇ ಇರುತ್ತಾರೆ, ಒಂದು ದಿನ ಸರ್ಟಿಫಿಕೇಟ್ ಬದಲಾಗಿ ಮತ್ತೆ ಗಿರ್‌ಗಿರ್ ತಿರುಗುತ್ತದೆ. ಕಮಿಷನ್ ಮೇಲೆ ಬದುಕುವವರಿಗೆ ಹೊಸ ಫೋನು ಸಣ್ಣ ಖರ್ಚಲ್ಲ. ಯಾವ ತಿಂಗಳು ಕೊಳ್ಳಬೇಕು ಅನ್ನುವುದನ್ನು ಅವರು ಮನೆಯಲ್ಲಿ ಕೂತು ನಿರ್ಧರಿಸಬೇಕು. ನಮ್ಮ ಒಂದು ಅಂಕೆ ಅದನ್ನು ನಿರ್ಧರಿಸಬಾರದು.

ಸಂಘದ ಕಾರ್ಯದರ್ಶಿಯವರ ಜೊತೆ ಕುಳಿತೆವು. 2025ರ ಮಾರ್ಚ್ 31ರವರೆಗೆ ಹಳೆ ಫೋನು ನಡೆಯಲಿ ಅಂತಾಯಿತು. ಅಲ್ಲಿಯವರೆಗೆ ಆಂಡ್ರಾಯ್ಡ್ 8ಕ್ಕಿಂತ ಹಳೆಯ ಫೋನಿನಲ್ಲಿ ಗ್ರಾಹಕರ ಒಟ್ಟು ಜಮೆ ಇಟ್ಟುಕೊಳ್ಳುವುದಿಲ್ಲ. ಹೆಸರು, ಖಾತೆ ನಂಬರು ಮತ್ತು ಆ ದಿನದ ಮೊತ್ತ ಮಾತ್ರ. ಫೋನು ಕಳೆದರೂ ಹೋಗುವುದು ಕಡಿಮೆ. ಆಪ್ ತೆರೆದಾಗ ಮೇಲೆ ಒಂದು ಸಾಲು: "ಈ ಫೋನಿನಲ್ಲಿ ಆಪ್ 2025ರ ಮಾರ್ಚ್ 31ರವರೆಗೆ ನಡೆಯುತ್ತದೆ." ಹೊಸ ಫೋನಿಗೆ ಬೇಕಾದರೆ ಸಂಘವೇ ಮುಂಗಡ ಕೊಟ್ಟು, ಕಮಿಷನ್‌ನಲ್ಲಿ ತಿಂಗಳು ತಿಂಗಳು ಕಡಿದುಕೊಳ್ಳುವುದಾಗಿ ಒಪ್ಪಿತು. ಗೆಳೆಯನೂ ಒಪ್ಪಿದ.

ಮೇ ಮೂರನೇ ವಾರ ಅಪ್‌ಡೇಟ್ ಬಿಟ್ಟೆವು. ಮೊದಲು ಆರು ಏಜೆಂಟರಿಗೆ, ಒಂದು ವಾರದ ನಂತರ ಎಲ್ಲರಿಗೆ. ಆ ಹುಡುಗ ತನ್ನ 13ರ ಫೋನಿಗೆ ಆಪ್ ಹಾಕಿಕೊಂಡು, ಹಳೆಯದನ್ನು ಸಂಘದ ಆಫೀಸಿಗೆ ವಾಪಸ್ ಕೊಟ್ಟ.

ಮೇ 19ರ ನವೀಕರಣದಲ್ಲಿ ಹಳೆ ಕೊಂಡಿ ಇನ್ನೊಮ್ಮೆ ಸಿಕ್ಕಿತ್ತು. ಮುಂದಿನದು ಜುಲೈ 18ಕ್ಕೆ, ಆಗ ಸಿಗುವುದಿಲ್ಲ. ಅಷ್ಟರೊಳಗೆ ಹಳೆ ಫೋನುಗಳೆಲ್ಲ ಅಪ್‌ಡೇಟ್ ಆಗಿರಬೇಕು. ಜುಲೈ 15ಕ್ಕೆ ಸರ್ವರಿನಲ್ಲಿ ನೋಡಿದರೆ ಒಂದು ಫೋನು ಮಾತ್ರ ಹಳೆ ಆಪ್‌ನಲ್ಲೇ ಇತ್ತು. ಕಾಕಾನದು.

ಮಾರನೇ ದಿನ ಗುಳೇದಗುಡ್ಡಕ್ಕೆ ಹೋದೆ. ಒಂದು ಖಣದ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ಅವರದು 8 ಜಿಬಿಯ ಫೋನು, ಜಾಗ ಪೂರ್ತಿ ತುಂಬಿತ್ತು. ಅಪ್‌ಡೇಟ್ ಇಳಿಯಲು ಜಾಗವೇ ಇಲ್ಲ. ವಾಟ್ಸಾಪಿನ ಶುಭೋದಯದ ಚಿತ್ರಗಳನ್ನು ಅಳಿಸಲು ಒಪ್ಪಿದರು. ಮೊಮ್ಮಗಳ ವಿಡಿಯೋಗಳಿಗೆ ಮಾತ್ರ, "ಅವು ಬ್ಯಾಡ್ರಿ, ಇರಲಿ" ಅಂದರು. ಅವನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ತೆಗೆದುಕೊಂಡು, ಪಕ್ಕದ ಅಂಗಡಿಯಿಂದ ಒಂದು ಮೆಮೊರಿ ಕಾರ್ಡ್ ತಂದು ಅದಕ್ಕೆ ಹಾಕಿಕೊಟ್ಟೆ. ಒಂದೊಂದನ್ನೂ ತೆರೆದು ನೋಡಿದ ಮೇಲೆಯೇ ಫೋನಿನಿಂದ ಅಳಿಸಲು ಬಿಟ್ಟರು. ಅಪ್‌ಡೇಟ್ ಇಳಿಯಿತು. ಎದುರಿಗೇ ಮಲ್ಲವ್ವ ಹೂ ಕಟ್ಟುತ್ತಾ ಕೂತಿದ್ದರು. ಐವತ್ತು ರೂಪಾಯಿ ಕೊಟ್ಟರು, ರಸೀದಿ ಬಂತು. ಅವರಿಗೆ ಓದು ಬರುವುದಿಲ್ಲ, ಆದರೆ ತಮ್ಮ ಹೆಸರಿನ ಆಕಾರ ಗೊತ್ತು. ಬೆರಳಿಟ್ಟು ನೋಡಿ, "ಈಗ ಪೂರಾ ಬಂತು" ಅಂದರು.

ಜುಲೈ 18ಕ್ಕೆ ಸರ್ಟಿಫಿಕೇಟ್ ಬದಲಾಯಿತು. ಆ ಸಂಜೆ ಯಾವ ಫೋನೂ ಬರಲಿಲ್ಲ. ಒಂಬತ್ತು ಗಂಟೆಗೆ 26 ಜನರ ಲೆಕ್ಕವೂ ಸರ್ವರಿನಲ್ಲಿತ್ತು.

ದೀಪಾವಳಿಗೆ ಕಾಕಾ ಹೊಸ ಫೋನು ಕೊಂಡರು. ಹಳೆಯದನ್ನು ನಮಗೇ ಕೊಟ್ಟರು, "ನಿಮಗ ನೋಡಾಕ ಬೇಕಾಕೈತಲ್ರಿ" ಅಂತ. ಮುಂದಿನ ಐದು ತಿಂಗಳು ಪ್ರತಿ ಅಪ್‌ಡೇಟನ್ನೂ ಮೊದಲು ಅದರಲ್ಲೇ ಹಾಕಿ ನೋಡಿದೆವು. 2025ರ ಏಪ್ರಿಲ್ ಮೊದಲ ವಾರ ಮಿನ್ 26 ಮಾಡುವಾಗ ಪಟ್ಟಿಯಲ್ಲಿ 8ಕ್ಕಿಂತ ಹಳೆಯ ಫೋನು ಒಂದೂ ಇರಲಿಲ್ಲ.